ಎಂಜಿನ್ ಕೆಟ್ಟು ನಿಂತ ಜೆಸಿಬಿ, ಹಿಟಾಚಿ ಕೊಳ್ಳಬಹುದೇ? ಲಕ್ಷಣ ನೋಡಿ ನಿರ್ಧರಿಸುವ ಕ್ರಮ

ನಮ್ಮ ಕಡೆ ಬ್ಯಾಕ್‌ಹೋ ಲೋಡರ್ ಯಾವ ಕಂಪನಿಯದಾದರೂ ಅದು ಜೆಸಿಬಿ. ಚೈನ್ ಮೇಲೆ ಓಡುವ ಎಕ್ಸ್‌ಕವೇಟರ್ ಯಾವುದಾದರೂ ಅದು ಹಿಟಾಚಿ. ಎಂಜಿನ್ ಹೋಗಿ ನಿಂತಿರುವ ಇಂತಹ ಯಂತ್ರವೊಂದು ಅರ್ಧ ಬೆಲೆಗೆ ಸಿಗುತ್ತದೆಂಬ ಸುದ್ದಿ ಕಿವಿಗೆ ಬಿದ್ದರೆ, ಅದರ ಹಿಂದೆಯೇ ಬರುವ ಮಾತು "ಎಂಜಿನ್ ಒಂದು ಮಾಡಿಸಿಕೊಂಡರೆ ಆಯಿತು" ಎಂಬುದು. ಹಾಗೆ ನಂಬಿ ಸಾಲ ಮಾಡಿ, ಯಂತ್ರವನ್ನು ಗ್ಯಾರೇಜಿನ ಅಂಗಳದಲ್ಲಿ ವರ್ಷಗಟ್ಟಲೆ ನಿಲ್ಲಿಸಿಕೊಂಡವರನ್ನು ನಾನು ಬಲ್ಲೆ. ಕೆಟ್ಟ ಎಂಜಿನ್ನಿಗೆ ಬೆಲೆ ಕಟ್ಟುವುದು ಅಷ್ಟೇನೂ ಕಷ್ಟವಲ್ಲ, ಏಕೆಂದರೆ ಅದು ಅತಿ ಹೆಚ್ಚೆಂದರೆ ಎಷ್ಟು ತಿನ್ನಬಹುದು ಎಂಬುದಕ್ಕೆ ಒಂದು ಮಿತಿ ಇದೆ. ಎಂಜಿನ್ ಓಡದಿರುವುದರಿಂದ ಪರೀಕ್ಷಿಸಲಾಗದೆ ಉಳಿಯುವ ಪಂಪು, ಗೇರ್‌ಬಾಕ್ಸ್, ಹೈಡ್ರಾಲಿಕ್ ಆಯಿಲ್ ಹಂಚುವ ವಾಲ್ವ್ ಬ್ಲಾಕ್, ಯಂತ್ರದ ಮೇಲ್ಭಾಗವನ್ನು ತಿರುಗಿಸುವ ಸ್ವಿಂಗ್ ಮೋಟರ್‌ಗಳಿಗೆ ಬೆಲೆ ಕಟ್ಟುವುದೇ ನಿಜವಾಗಿ ಕಷ್ಟ. ಈ ಬರಹದಲ್ಲಿ ಅಗ್ಗದ ಪರೀಕ್ಷೆಯಿಂದ ದುಬಾರಿ ಪರೀಕ್ಷೆಯ ಕಡೆಗೆ ಹೋಗುತ್ತಾ, ಕಣ್ಣಿಗೆ ಬೀಳುವ ಪ್ರತಿಯೊಂದು ಲಕ್ಷಣವೂ ಏನು ಹೇಳುತ್ತದೆ ಎಂಬುದನ್ನು ವಿವರಿಸಿದ್ದೇನೆ.

ಹೊರಡುವ ಮುನ್ನ: ಫೋನಿನಲ್ಲೇ ಮುಗಿಯುವ ಪರೀಕ್ಷೆ

ಮೊದಲು ಕೇಳಬೇಕಾದ್ದು ಕಾಗದಪತ್ರ. ಟೈರಿನ ಮೇಲೆ ಓಡುವ ಯಂತ್ರವಾದರೆ ಆರ್‌ಸಿಯ ಎರಡೂ ಬದಿಯ ಫೋಟೋ ತರಿಸಿಕೊಂಡು, ನೋಂದಣಿ ಸಂಖ್ಯೆಯನ್ನು ಸಾರಿಗೆ ಇಲಾಖೆಯ ವಾಹನ್ ದಾಖಲೆಯೊಂದಿಗೆ ಹೋಲಿಸಿ ನೋಡಬೇಕು. ಸಾಲದ ನಮೂದು ಇದ್ದರೆ, ಸಾಲ ತೀರಿದೆಯೆಂದು ಫೈನಾನ್ಸಿನವರು ಸಹಿ ಮಾಡಿದ ಫಾರಂ 35 ಕೈಗೆ ಬರುವವರೆಗೆ ಮುಂಗಡ ಕೊಡಬಾರದು. ಮಾಲೀಕತ್ವ ವರ್ಗಾವಣೆಗೆ ಫಾರಂ 29 ಮತ್ತು 30, ಹೊರ ರಾಜ್ಯದ ಯಂತ್ರವಾದರೆ ಫಾರಂ 28ರ ಎನ್‌ಒಸಿ ಬೇಕು. ಚೈನ್ ಯಂತ್ರಗಳಿಗೆ ಸಾಮಾನ್ಯವಾಗಿ ಆರ್‌ಸಿ ಇರುವುದಿಲ್ಲವಾದ್ದರಿಂದ, ಮೊದಲ ಖರೀದಿಯ ಇನ್‌ವಾಯ್ಸ್ ಮತ್ತು ಅಲ್ಲಿಂದ ಇಲ್ಲಿಯವರೆಗಿನ ಮಾರಾಟ ಪತ್ರಗಳ ಸರಪಳಿಯೇ ಮಾಲೀಕತ್ವದ ಆಧಾರ. ಅದರಲ್ಲಿ ಒಂದು ಕೊಂಡಿ ತಪ್ಪಿದ್ದರೂ ಯಂತ್ರ ಎಷ್ಟೇ ಚೆನ್ನಾಗಿರಲಿ, ನೋಡಲು ಹೋಗುವ ಪ್ರಯಾಣದ ಖರ್ಚೂ ದಂಡ.

ಎರಡನೆಯ ಪ್ರಶ್ನೆ: ಎಂಜಿನ್ ಹೋದದ್ದು ಹೇಗೆ? "ಏನೋ ಶಬ್ದ ಬಂತು, ಆಫ್ ಮಾಡಿದೆವು" ಎಂಬ ಉತ್ತರಕ್ಕೂ "ನೀರು ಖಾಲಿಯಾಗಿದ್ದು ಆಪರೇಟರ್‌ಗೆ ಗೊತ್ತಾಗಲಿಲ್ಲ" ಎಂಬ ಉತ್ತರಕ್ಕೂ ಬಹಳ ವ್ಯತ್ಯಾಸವಿದೆ. ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಯಂತ್ರದ ಮುಂದೆ ನಿಂತಾಗ ಆ ಮಾತಿಗೂ ಕಣ್ಣೆದುರಿನ ಲೋಹಕ್ಕೂ ಹೊಂದಾಣಿಕೆ ಇದೆಯೇ ಎಂದು ನೋಡಲು ಅದು ಬೇಕಾಗುತ್ತದೆ.

ಲಕ್ಷಣ: "ಮೊನ್ನೆವರೆಗೂ ಓಡುತ್ತಿತ್ತು" ಎನ್ನುತ್ತಾರೆ, ಚಕ್ರದ ಸುತ್ತ ಹುಲ್ಲು ಬೆಳೆದಿದೆ

ಯಾವ ಸ್ಪ್ಯಾನರೂ ಹಿಡಿಯದೆ, ಯಂತ್ರದ ಸುತ್ತ ಎರಡು ಸಲ ನಿಧಾನವಾಗಿ ನಡೆಯಿರಿ. ಹೈಡ್ರಾಲಿಕ್ ಸಿಲಿಂಡರ್ ರಾಡುಗಳ ಹೊಳಪಿನ ಮೇಲೆ ತುಕ್ಕಿನ ಚುಕ್ಕೆಗಳಿದ್ದರೆ, ಟೈರಿನ ಒಂದೇ ಭಾಗ ನೆಲಕ್ಕೆ ಒತ್ತಿ ಸೀಳು ಬಿಟ್ಟಿದ್ದರೆ, ಗ್ರೀಸ್ ನಿಪ್ಪಲ್‌ಗಳ ಬಾಯಲ್ಲಿ ಹಳೆಯ ಗ್ರೀಸ್ ಕಲ್ಲಾಗಿದ್ದರೆ, ಯಂತ್ರ ನಿಂತು ತಿಂಗಳುಗಳಲ್ಲ, ವರ್ಷಗಳೇ ಆಗಿವೆ. ನಿಂತ ಯಂತ್ರಕ್ಕೆ ದುಡಿದ ಯಂತ್ರಕ್ಕಿಂತ ಬೇರೆಯೇ ಬಗೆಯ ಸವಕಳಿ ಇರುತ್ತದೆ. ಆಯಿಲ್ ಸೀಲುಗಳು ಗಟ್ಟಿಯಾಗುತ್ತವೆ, ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ಸೇರುತ್ತದೆ, ವೈರಿಂಗ್ ಇಲಿಗಳ ಪಾಲಾಗುತ್ತದೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿ, ಮರುತಿಂಗಳು ಅದನ್ನು ಚಿತ್ರದುರ್ಗ, ತುಮಕೂರಿಗೂ ವಿಸ್ತರಿಸಿದ ಮೇಲೆ ಸಂಡೂರು, ಹೊಸಪೇಟೆ ಕಡೆ ಕೆಲಸವಿಲ್ಲದೆ ನಿಂತ ಯಂತ್ರಗಳನ್ನು ನೋಡಿದವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಕೆಂಪು ಅಥವಾ ಬೂದು ಬಣ್ಣದ ಒಂಡಿನ ಗೆರೆ ಕ್ಯಾಬಿನ್ ಒಳಗೆ, ಸೀಟಿನ ಕೆಳಗೆ, ಹೆಡ್‌ಲೈಟಿನ ಗಾಜಿನ ಒಳಬದಿಯಲ್ಲಿ ಒಂದೇ ಎತ್ತರದಲ್ಲಿ ಕಂಡರೆ ಯಂತ್ರ ನೀರಿನಲ್ಲಿ ಮುಳುಗಿತ್ತೆಂದು ತಿಳಿಯಬೇಕು. 2019ರ ಆಗಸ್ಟ್‌ನಲ್ಲಿ ಬೆಳಗಾವಿ, ಬಾಗಲಕೋಟೆಗಳಲ್ಲಿ ಬಂದಂತಹ ಪ್ರವಾಹದಲ್ಲಿ ಹೊಳೆದಂಡೆಯ ಯಂತ್ರಗಳು ಕ್ಯಾಬಿನ್ ಮಟ್ಟಕ್ಕೆ ಮುಳುಗುವುದು ಅಸಾಧ್ಯವೇನಲ್ಲ. ಮುಳುಗಿದ ಯಂತ್ರದಲ್ಲಿ ಎಂಜಿನ್ ಒಂದೇ ಕೆಟ್ಟಿರುವುದಿಲ್ಲ. ಆಕ್ಸಲ್, ಗೇರ್‌ಬಾಕ್ಸ್, ಹೈಡ್ರಾಲಿಕ್ ಟ್ಯಾಂಕ್ ಎಲ್ಲದರಲ್ಲೂ ನೀರು ಸೇರಿರುತ್ತದೆ. ನನ್ನ ಮಟ್ಟಿಗೆ, ಬಿಡಿಭಾಗಗಳಿಗಾಗಿ ಬಿಚ್ಚಿ ಮಾರುವ ಉದ್ದೇಶವಿಲ್ಲದವರು ಇಲ್ಲಿಗೇ ನಿಲ್ಲಿಸಿ ವಾಪಸಾಗುವುದು ಒಳ್ಳೆಯದು.

ಲಕ್ಷಣ: ಸೆಲ್ಫ್ ಹೊಡೆದರೆ "ಟಕ್" ಎಂದು ನಿಲ್ಲುತ್ತದೆ, ಎಂಜಿನ್ ಅಲ್ಲಾಡುವುದಿಲ್ಲ

ಮಾರುವವರು ಇದನ್ನು ನೋಡಿ "ಎಂಜಿನ್ ಜಾಮ್" ಎನ್ನುತ್ತಾರೆ. ಆದರೆ ಅದೇ ಟಕ್ ಶಬ್ದಕ್ಕೆ ಕಾರಣಗಳು ಹಲವು, ಅವುಗಳ ರಿಪೇರಿ ಖರ್ಚು ಕೆಲವು ನೂರು ರೂಪಾಯಿಯಿಂದ ಕೆಲವು ಲಕ್ಷದವರೆಗೂ ಹೋಗುತ್ತದೆ. ಆದ್ದರಿಂದ ಈ ಕೆಳಗಿನ ಕ್ರಮವನ್ನು ತಪ್ಪಿಸದೆ ಪಾಲಿಸಬೇಕು.

ಬ್ಯಾಟರಿಯ ವೋಲ್ಟೇಜ್ ಅಳೆದು, ಟರ್ಮಿನಲ್ ಮತ್ತು ಅರ್ತ್ ವೈರಿನ ತುಕ್ಕು ಉಜ್ಜಿ, ಚೆನ್ನಾಗಿ ಚಾರ್ಜ್ ಆದ ಬೇರೊಂದು ಬ್ಯಾಟರಿ ಹಾಕಿ ನೋಡಿ. ಅದರಿಂದಲೂ ಫಲವಿಲ್ಲದಿದ್ದರೆ ಇನ್ನು ಮುಂದೆ ಸೆಲ್ಫ್ ಮುಟ್ಟಬೇಡಿ. ಬ್ಯಾಟರಿಯ ನೆಗೆಟಿವ್ ವೈರ್ ಕಳಚಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಚಕ್ರಗಳಿಗೆ ಕಲ್ಲು ಕೊಟ್ಟು, ಕ್ರ್ಯಾಂಕ್ ಪುಲ್ಲಿಯ (ಎಂಜಿನ್ನಿನ ಮುಖ್ಯ ಶಾಫ್ಟಿನ ಮುಂದಿನ ಗಾಲಿಯ) ಬೋಲ್ಟಿಗೆ ಉದ್ದ ಹಿಡಿಯ ಸಾಕೆಟ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸಲು ಪ್ರಯತ್ನಿಸಿ. ಬೆಲ್ಟಿಗೂ ಪುಲ್ಲಿಗೂ ನಡುವೆ ಬೆರಳು ಇರಬಾರದು. ನಾಲ್ಕು ಅಡಿ ಪೈಪು ಸಿಕ್ಕಿಸಿ ಇಬ್ಬರು ನೇತಾಡುವ ಸಾಹಸವೂ ಬೇಡ. ಬೋಲ್ಟ್ ಮುರಿದರೆ ಬೀಳುವವರು ತಲೆಕೆಳಗಾಗಿಯೇ ಬೀಳುತ್ತಾರೆ.

ತಿರುಗದಿದ್ದರೆ ಫ್ಯಾನ್ ಬೆಲ್ಟ್ ಬಿಚ್ಚಿ ಮತ್ತೆ ನೋಡಿ. ಆಲ್ಟರ್ನೇಟರ್, ವಾಟರ್ ಪಂಪ್, ಎಸಿ ಕಂಪ್ರೆಸರ್‌ಗಳಲ್ಲಿ ಒಂದು ಹಿಡಿದುಕೊಂಡಿದ್ದರೂ ಎಂಜಿನ್ನೇ ಹಿಡಿದಂತೆ ತೋರುತ್ತದೆ. ಇದಕ್ಕಿಂತ ಮುಖ್ಯವಾದದ್ದು ಹೈಡ್ರಾಲಿಕ್ ಪಂಪು. ಹಿಟಾಚಿಯಲ್ಲಿ ಅದು ಫ್ಲೈವೀಲಿನ ಹಿಂದೆಯೇ ಕಪ್ಲಿಂಗ್ ಮೂಲಕ ಕೂತಿರುತ್ತದೆ. ಜೆಸಿಬಿ ಬ್ಯಾಕ್‌ಹೋಗಳಲ್ಲಿ ಗೇರ್‌ಬಾಕ್ಸಿನ ಹಿಂಭಾಗದಲ್ಲಿದ್ದು, ಎಂಜಿನ್ ತಿರುಗಿದಾಗಲೆಲ್ಲ ತಾನೂ ತಿರುಗುತ್ತದೆ. ನಡುವೆ ಕ್ಲಚ್ ಇಲ್ಲ. ಪಂಪು ಜಾಮ್ ಆದರೆ ಎಂಜಿನ್ ಕೂಡ ಅಲ್ಲಾಡುವುದಿಲ್ಲ. ಪಂಪಿನ ಬೋಲ್ಟುಗಳನ್ನು ಸಡಿಲಿಸಿ ಅದನ್ನು ಹಿಂದಕ್ಕೆ ಸರಿಸಿದ ಕೂಡಲೇ ಎಂಜಿನ್ ಹಗುರವಾಗಿ ತಿರುಗಿದ್ದನ್ನು ನಾನು ಕಂಡಿದ್ದೇನೆ. ಇದು ಮೇಲ್ನೋಟಕ್ಕೆ ಸಂತೋಷದ ಸುದ್ದಿಯಾದರೂ, ಜಾಮ್ ಆದ ಪಂಪು ತನ್ನ ಲೋಹದ ಪುಡಿಯನ್ನು ಇಡೀ ಹೈಡ್ರಾಲಿಕ್ ವ್ಯವಸ್ಥೆಗೆ ಹರಡಿರುತ್ತದೆ ಎಂಬುದನ್ನು ಮರೆಯಬಾರದು. ಎಂಜಿನ್ ಕೆಟ್ಟಿರುವುದಕ್ಕಿಂತ ಅದು ದೊಡ್ಡ ಖರ್ಚು.

ಪಂಪನ್ನು ಬೇರ್ಪಡಿಸಿದ ಮೇಲೂ ತಿರುಗದಿದ್ದರೆ ಇಂಜೆಕ್ಟರ್‌ಗಳನ್ನು ಬಿಚ್ಚಬೇಕು. ಈ ಹಂತದಿಂದ ಮುಂದಕ್ಕೆ ಅನುಭವಿ ಮೆಕ್ಯಾನಿಕ್ ಜೊತೆಯಲ್ಲಿರಲೇಬೇಕು, ಮಾಲೀಕರ ಒಪ್ಪಿಗೆಯೂ ಬೇಕು. ಇಂಜೆಕ್ಟರ್ ತೆಗೆದು ನಿಧಾನವಾಗಿ ತಿರುಗಿಸಿದಾಗ ಆ ತೂತಿನಿಂದ ನೀರೋ ಡೀಸೆಲ್ಲೋ ಚಿಮ್ಮಿ ಎಂಜಿನ್ ಸಡಿಲವಾದರೆ, ಪಿಸ್ಟನ್ ಮೇಲೆ ದ್ರವ ನಿಂತು ತಡೆದಿತ್ತೆಂದು ಅರ್ಥ. ದ್ರವವನ್ನು ಒತ್ತಿ ಕಿರಿದಾಗಿಸಲು ಆಗುವುದಿಲ್ಲವಾದ್ದರಿಂದ, ಆ ಸ್ಥಿತಿಯಲ್ಲಿ ಯಾರಾದರೂ ಸೆಲ್ಫ್ ಹೊಡೆದಿದ್ದರೆ ಅಥವಾ ಎಳೆದು ಸ್ಟಾರ್ಟ್ ಮಾಡಲು ನೋಡಿದ್ದರೆ ಕನೆಕ್ಟಿಂಗ್ ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಸಲಾಕೆ) ಬಾಗಿರುವ ಸಂಭವ ಹೆಚ್ಚು. ಇಂಜೆಕ್ಟರ್ ತೂತಿನಿಂದ ತೆಳುವಾದ ಕಡ್ಡಿಯನ್ನು ಇಳಿಬಿಟ್ಟು, ಪ್ರತಿ ಪಿಸ್ಟನ್ ಮೇಲೇರುವ ಎತ್ತರವನ್ನು ಗುರುತು ಹಾಕಿ ಹೋಲಿಸಿದರೆ ಬಾಗಿದ ರಾಡಿನ ಪಿಸ್ಟನ್ ಉಳಿದವುಗಳಿಗಿಂತ ತಗ್ಗಿನಲ್ಲೇ ನಿಲ್ಲುತ್ತದೆ. ಚಿಮ್ಮುವ ಕಡೆಗೆ ಮುಖ ಇಡಬೇಡಿ.

ಅತ್ತಿಂದಿತ್ತ ಸ್ವಲ್ಪ ತಿರುಗಿ ಎರಡೂ ಕಡೆ ಒಂದೇ ಜಾಗದಲ್ಲಿ "ಠಣ್" ಎಂದು ನಿಂತರೆ ಒಳಗೆ ಮುರಿದ ವಾಲ್ವೋ, ರಾಡ್ ತುಂಡೋ ಅಡ್ಡ ಸಿಕ್ಕಿದೆ. ಒಂದಿಷ್ಟೂ ಕದಲದಿದ್ದರೆ ಎರಡು ಸಾಧ್ಯತೆಗಳಿವೆ. ಬಹಳ ದಿನ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗುಗಳು ತುಕ್ಕಿನಿಂದ ಲೈನರಿಗೆ (ಪಿಸ್ಟನ್ ಓಡಾಡುವ ಕೊಳವೆಗೆ) ಅಂಟಿರಬಹುದು. ಇಂಜೆಕ್ಟರ್ ತೂತಿನಲ್ಲಿ ಡೀಸೆಲ್ ಮತ್ತು ತೆಳು ಆಯಿಲ್ ಬೆರೆಸಿ ಬಿಟ್ಟು ಎರಡು ಮೂರು ದಿನ ನೆನೆಸಿದರೆ ಹಲವು ಸಲ ಬಿಡುತ್ತದೆ. ಕಾದು ಹಿಡಿದ ಎಂಜಿನ್ನಿನಲ್ಲಿ ಪಿಸ್ಟನ್ನಿನ ಅಲ್ಯೂಮಿನಿಯಂ ಕರಗಿ ಲೈನರಿಗೆ ಮೆತ್ತಿಕೊಂಡಿರುತ್ತದೆ, ಅಥವಾ ಆಯಿಲ್ ಇಲ್ಲದೆ ಬೇರಿಂಗ್ ಕ್ರ್ಯಾಂಕಿಗೆ ಹತ್ತಿರುತ್ತದೆ. ಇದು ನೆನೆಸಿದರೆ ಬಿಡುವಂತಹದಲ್ಲ.

ಲಕ್ಷಣ: ಗೇಜ್ ಕಡ್ಡಿಯಲ್ಲಿ ಹಾಲು ಬೆರೆಸಿದಂತಹ ಆಯಿಲ್, ಅಥವಾ ಮಿನುಗುವ ಪುಡಿ

ಗೇಜ್ ಕಡ್ಡಿಯೊಂದನ್ನು ನೋಡಿ ತೀರ್ಮಾನಕ್ಕೆ ಬರುವುದು ಸಾಲದು. ನೀರು ಆಯಿಲ್‌ಗಿಂತ ಭಾರ, ನಿಂತ ಎಂಜಿನ್ನಿನಲ್ಲಿ ಅದು ಚೇಂಬರಿನ (ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿಯ) ತಳಕ್ಕೆ ಇಳಿದು, ಕಡ್ಡಿಯಲ್ಲಿ ಒಳ್ಳೆಯ ಆಯಿಲ್ಲೇ ಕಾಣುತ್ತದೆ. ಹಿರಿಯೂರಿನ ಹತ್ತಿರದ ಒಂದು ಅಂಗಳದಲ್ಲಿ ಹೀಗೆಯೇ ಆಯಿತು. ಕಡ್ಡಿಯಲ್ಲಿ ಕಪ್ಪಾದರೂ ಶುದ್ಧವಾದ ಆಯಿಲ್ ಕಂಡು ನಾನು ಸಮಾಧಾನದಿಂದ ಎದ್ದು ನಿಂತೆ. ಜೊತೆಗೆ ಬಂದಿದ್ದ ಹಿರಿಯ ಮೆಕ್ಯಾನಿಕ್, "ಸ್ವಲ್ಪ ತಾಳಿ ಅಣ್ಣ, ಕೆಳಗಿಂದ ಏನು ಹೇಳುತ್ತೋ ಕೇಳೋಣ" ಎಂದು ಕೆಳಗೆ ತೆವಳಿ, ಡ್ರೈನ್ ಬೋಲ್ಟನ್ನು ಪೂರ್ತಿ ಬಿಚ್ಚದೆ ಎರಡು ಎಳೆ ಉಳಿಯುವಷ್ಟು ಸಡಿಲಿಸಿ, ಅರ್ಧ ಕತ್ತರಿಸಿದ ನೀರಿನ ಬಾಟಲಿ ಹಿಡಿದರು. ಮೊದಲು ಒಂದು ಲೋಟದಷ್ಟು ಹಸಿರು ಛಾಯೆಯ ನೀರು ಬಂತು, ಅದರ ಹಿಂದೆ ಕೆನೆಕಟ್ಟಿದ ಕಾಫಿಯ ಬಣ್ಣದ ಮಡ್ಡಿ, ಆಮೇಲೆ ಕಪ್ಪು ಆಯಿಲ್. ಹಸಿರು ಎಂದರೆ ಕೂಲಂಟ್, ಮಳೆನೀರಾಗಿದ್ದರೆ ಬಣ್ಣವಿರುತ್ತಿರಲಿಲ್ಲ. ಹೆಡ್ ಗ್ಯಾಸ್ಕೆಟ್, ಹೆಡ್ಡಿನ ಬಿರುಕು, ಲೈನರ್ ಕೆಳಗಿನ ಓ-ರಿಂಗ್, ಆಯಿಲ್ ಕೂಲರ್ ಇವುಗಳಲ್ಲಿ ಒಂದು ಹೋಗಿರಬೇಕು. ಇವುಗಳಲ್ಲಿ ಆಯಿಲ್ ಕೂಲರ್ ಅಗ್ಗ, ಬಿರುಕು ಬಿಟ್ಟ ಹೆಡ್ ದುಬಾರಿ. ಆದರೆ ನೀರು ಬೆರೆತ ಆಯಿಲ್‌ನಲ್ಲಿ ಎಷ್ಟು ಹೊತ್ತು ಓಡಿಸಿದ್ದಾರೆ ಎಂಬುದರ ಮೇಲೆ ಬೇರಿಂಗುಗಳ ಗತಿ ನಿಂತಿದೆ.

ಆಯಿಲ್ ಮಟ್ಟ ಮೇಲಿನ ಗೆರೆಗಿಂತ ಏರಿದ್ದು, ತೆಳ್ಳಗಾಗಿ ಡೀಸೆಲ್ ವಾಸನೆ ಬಂದರೆ ಇಂಜೆಕ್ಟರ್ ಸೋರಿಕೆಯೋ, ಫೀಡ್ ಪಂಪಿನ ಡಯಾಫ್ರಾಮ್ ಹರಿದಿದೆಯೋ ನೋಡಬೇಕು. ಅದರ ಮೂಲ ಸಣ್ಣದು, ಆದರೆ ತೆಳುವಾದ ಆಯಿಲ್ ಬೇರಿಂಗನ್ನು ತಿಂದಿರುವ ಸಾಧ್ಯತೆ ಇದ್ದೇ ಇದೆ.

ಇನ್ನು ಫಿಲ್ಟರ್. ಐದು ನಿಮಿಷದಲ್ಲಿ ಎಂಜಿನ್ನಿನ ಒಳಗಿನ ಕಥೆ ಹೇಳುವ ವಸ್ತು ಇದೊಂದೇ. ಆಯಿಲ್ ಫಿಲ್ಟರ್ ಬಿಚ್ಚಿ, ಹ್ಯಾಕ್ಸಾದಿಂದ ಕುಯ್ಯದೆ (ಬ್ಲೇಡಿನ ಪುಡಿ ಬೆರೆತು ದಾರಿ ತಪ್ಪಿಸುತ್ತದೆ), ತಗಡಿನ ಕತ್ತರಿಯಿಂದ ಡಬ್ಬಿ ಕತ್ತರಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಳಿ ಬಟ್ಟೆಯ ಮೇಲೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಮ್ಯಾಗ್ನೆಟ್ಟಿಗೆ ಹತ್ತುವ ಕಪ್ಪು ಚೂರು ಕ್ರ್ಯಾಂಕ್, ಗೇರ್, ರಿಂಗುಗಳದು. ಹತ್ತದ ಬಿಳಿ ಹೊಳಪು ಪಿಸ್ಟನ್ನಿನ ಅಲ್ಯೂಮಿನಿಯಂ ಇರಬಹುದು, ಬೇರಿಂಗಿನ ಮೇಲ್ಪದರವೂ ಇರಬಹುದು. ತಾಮ್ರದ ಬಣ್ಣ ಕಂಡರೆ ಬೇರಿಂಗಿನ ಮೇಲ್ಪದರ ಪೂರ್ತಿ ಸವೆದು ಕೆಳಗಿನ ಪದರಕ್ಕೆ ಬಂದಿದೆ, ಕ್ರ್ಯಾಂಕ್ ಗ್ರೈಂಡಿಂಗ್ ತಪ್ಪಿದ್ದಲ್ಲ ಎಂದು ಲೆಕ್ಕ ಹಾಕಿ. ಕ್ರ್ಯಾಂಕನ್ನು ಸಾಮಾನ್ಯವಾಗಿ 0.25, 0.50, 0.75 ಮಿ.ಮೀ. ಹೀಗೆ ಹಂತ ಹಂತವಾಗಿ ಉಜ್ಜಿ ಅದಕ್ಕೆ ತಕ್ಕ ಬೇರಿಂಗ್ ಹಾಕುತ್ತಾರೆ. ಹಿಂದಿನವರು ಈಗಾಗಲೇ ಕೊನೆಯ ಹಂತಕ್ಕೆ ಉಜ್ಜಿಸಿದ್ದರೆ ಹೊಸ ಕ್ರ್ಯಾಂಕೇ ಗತಿ.

ಕೆಟ್ಟು ನಿಂತ ಎಂಜಿನ್ನಿನಲ್ಲಿ ಜೇನಿನ ಬಣ್ಣದ ಹೊಸ ಆಯಿಲ್, ಹೊಳೆಯುವ ಹೊಸ ಫಿಲ್ಟರ್ ಇದ್ದರೆ ಹಳೆಯದು ಎಲ್ಲಿ ಎಂದು ನೇರವಾಗಿ ಕೇಳಿ. ಓಡದ ಎಂಜಿನ್ನಿಗೆ ಆಯಿಲ್ ಬದಲಿಸುವ ಅಗತ್ಯ ಯಾರಿಗೂ ಬರುವುದಿಲ್ಲ.

ಲಕ್ಷಣ: ಬ್ಲಾಕಿನ ಪಕ್ಕದಲ್ಲಿ ತೂತು, ವೆಲ್ಡಿಂಗ್, ಅಥವಾ ಒಂದೇ ಕಡೆ ಹೊಸ ಬಣ್ಣ

ಟಾರ್ಚ್ ಹಿಡಿದು ಬ್ಲಾಕಿನ ಎರಡೂ ಬದಿ, ಸೆಲ್ಫ್ ಮೋಟರಿನ ಹಿಂದೆ, ಚೇಂಬರ್ ಸೇರುವ ಅಂಚು ಇವುಗಳನ್ನು ಬಟ್ಟೆಯಿಂದ ಒರೆಸಿ ನೋಡಿ. ರಾಡ್ ಮುರಿದು ಬ್ಲಾಕನ್ನು ಒಡೆದುಕೊಂಡು ಹೊರಬಂದಿದ್ದರೆ ಆ ಎಂಜಿನ್ ಗುಜರಿಯ ತೂಕಕ್ಕೆ ಮಾತ್ರ. ಎರಕದ ಬ್ಲಾಕಿಗೆ ವೆಲ್ಡ್ ಹೊಡೆದು ಬಣ್ಣ ಬಳಿದದ್ದನ್ನು "ಮಾಡಿಸಿದ್ದೇವೆ" ಎನ್ನುವವರ ಜೊತೆ ಚೌಕಾಸಿ ಮಾಡುವುದಕ್ಕಿಂತ, ಎಂಜಿನ್ನೇ ಇಲ್ಲವೆಂದು ಲೆಕ್ಕ ಹಾಕಿ ಬೆಲೆ ಹೇಳುವುದು ಸರಳ.

ಬ್ಲಾಕ್ ಗಟ್ಟಿಯಿದ್ದರೆ ಅದು ಯಾವ ಜಾತಿಯದೆಂದು ತಿಳಿದುಕೊಳ್ಳಿ. ಲೈನರ್ ಇರುವ ಎಂಜಿನ್ನಿನಲ್ಲಿ ಲೈನರ್, ಪಿಸ್ಟನ್ ಬದಲಿಸಿ ಮೂಲ ಅಳತೆಗೇ ಬರಬಹುದು. ಎಷ್ಟೋ ಎಕ್ಸ್‌ಕವೇಟರ್‌ಗಳಲ್ಲಿರುವ ಕಮಿನ್ಸ್ ಬಿ ಸರಣಿಯ 5.9 ಲೀಟರ್ ಎಂಜಿನ್ನಿನಲ್ಲಿ ಬೇರೆ ಲೈನರ್ ಇಲ್ಲ, ಬ್ಲಾಕಿನಲ್ಲೇ ಬೋರ್ ಇದೆ; ಅದನ್ನು 0.50 ಅಥವಾ 1.00 ಮಿ.ಮೀ. ಹಿಗ್ಗಿಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕಾಗುತ್ತದೆ. ಜೆಸಿಬಿ ಕಂಪನಿಯದೇ ಬ್ಯಾಕ್‌ಹೋ ಮಾದರಿಯಾದ 3ಡಿಎಕ್ಸ್‌ನ ಹಳೆಯ ಯಂತ್ರ‌ಗಳಲ್ಲಿ ಕಿರ್ಲೋಸ್ಕರ್ ಎಂಜಿನ್, ಆಮೇಲಿನವುಗಳಲ್ಲಿ ಜೆಸಿಬಿಯದೇ ಎಂಜಿನ್ ಬಂದಿದೆ. ನಿಮ್ಮ ಊರಿನ ಲೇತ್‌ನವರು ಯಾವುದನ್ನು ಹೆಚ್ಚು ಮಾಡಿದ್ದಾರೆ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಯಾವುದರ ಕಿಟ್ ಕೈಗೆ ಸಿಗುತ್ತದೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಲಕ್ಷಣ: ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ, ಅಥವಾ ಸ್ಟಾರ್ಟ್ ಆದರೂ ಬ್ರೀದರಿನಲ್ಲಿ (ಎಂಜಿನ್ನಿನ ಒಳಗಾಳಿ ಹೊರಹೋಗುವ ಪೈಪಿನಲ್ಲಿ) ಹೊಗೆ

ಇಲ್ಲಿ ಮೊದಲು ಡೀಸೆಲ್, ಫಿಲ್ಟರ್, ಡೀಸೆಲ್ ಲೈನಿನಲ್ಲಿ ಗಾಳಿ ಹಿಡಿದಿರುವುದು, ಡೀಸೆಲ್ ತಡೆದು ಎಂಜಿನ್ ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡ್ ಇವನ್ನು ನೋಡಿ. ಸ್ಟಾರ್ಟ್ ಮಾಡಲು ಈಥರ್ ಸ್ಪ್ರೇ ಹೊಡೆಯುವುದನ್ನು ಒಪ್ಪಬೇಡಿ. ಸವೆದ ರಿಂಗ್ ಅದರ ಹೊಡೆತಕ್ಕೆ ಮುರಿಯುತ್ತದೆ, ಒಳಹೋಗುವ ಗಾಳಿಗೆ ಹೀಟರ್ ಇರುವ ಎಂಜಿನ್ನಿನಲ್ಲಿ ಬೆಂಕಿಯ ಅಪಾಯವಿದೆ. ಏರ್ ಕ್ಲೀನರ್‌ನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸಿನ ಒಳಗೆ ಬೆರಳಾಡಿಸಿ. ಬೆರಳಿಗೆ ಸಣ್ಣ ಮಣ್ಣು ಹತ್ತಿದರೆ ಎಂಜಿನ್ ಧೂಳು ತಿಂದು ಸವೆದಿದೆ, ಕಲ್ಲು ಕ್ವಾರಿಯ ಯಂತ್ರಗಳಲ್ಲಿ ಇದು ತೀರಾ ಸಾಮಾನ್ಯ. ಸ್ಟಾರ್ಟ್ ಆದರೆ ಆಯಿಲ್ ಮುಚ್ಚಳವನ್ನು ತಿರುಗಿಸಿ ತೂತಿನ ಮೇಲೆ ಸುಮ್ಮನೆ ಇಟ್ಟು ನೋಡಿ. ಅದು ಕುಣಿದು ಹಾರಿ ಬಿದ್ದರೆ ರಿಂಗು ಲೈನರ್ ಸವೆದು ಗಾಳಿ ಕೆಳಗಿಳಿಯುತ್ತಿದೆ.

ಸ್ಟಾರ್ಟ್ ಆಗದಿದ್ದರೆ, ಇಂಜೆಕ್ಟರ್ ತೂತಿಗೆ ಅಡಾಪ್ಟರ್ ಹಾಕಿ ಒಂದೊಂದೇ ಸಿಲಿಂಡರಿಗೆ ಕಂಪ್ರೆಸರ್ ಗಾಳಿ ಕೊಡಿಸುವುದು ಉತ್ತಮ. ಗಾಳಿ ಬ್ರೀದರಿನಲ್ಲಿ ಬಂದರೆ ರಿಂಗು, ಸೈಲೆನ್ಸರಿನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ಏರ್ ಕ್ಲೀನರ್ ಕಡೆ ಬಂದರೆ ಇನ್‌ಲೆಟ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಗಾಳಿ ಕೊಟ್ಟಾಗ ಕ್ರ್ಯಾಂಕ್ ತಾನಾಗಿ ತಿರುಗಬಹುದು. ಸ್ಪ್ಯಾನರ್ ಅಲ್ಲೇ ಬಿಟ್ಟಿರಬಾರದು.

2021ರ ಏಪ್ರಿಲ್ 1ರಿಂದ ನಿರ್ಮಾಣ ಯಂತ್ರಗಳಿಗೆ ಸಿಇವಿ (ನಿರ್ಮಾಣ ಉಪಕರಣ ವಾಹನ) ನಾಲ್ಕನೇ ಹಂತದ ಹೊಗೆ ನಿಯಮ, 2025ರ ಜನವರಿ 1ರಿಂದ ಐದನೇ ಹಂತ ಜಾರಿಗೆ ಬಂದಿವೆ. ಆ ಕಾಲದ ಯಂತ್ರಗಳಲ್ಲಿ ಎಲೆಕ್ಟ್ರಾನಿಕ್ ಇಂಜೆಕ್ಷನ್, ಸೆನ್ಸರ್, ಇಸಿಎಂ (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್) ಇರುವುದರಿಂದ ಸ್ಕ್ಯಾನರ್ ಇಲ್ಲದೆ ಊಹೆಯ ಮೇಲೆ ತೀರ್ಮಾನಿಸಬೇಡಿ. ಅವುಗಳಿಗೆ ಹಳೆಯ ಮೆಕ್ಯಾನಿಕಲ್ ಪಂಪಿನ ಎಂಜಿನ್ ಕೂರಿಸಿಕೊಡುತ್ತೇವೆ ಎಂಬವರ ಮಾತಿಗೆ ಒಪ್ಪಿದರೆ ದಾಖಲೆಯೂ ಕೆಡುತ್ತದೆ, ಯಂತ್ರದ ವೈರಿಂಗೂ ಕೆಡುತ್ತದೆ.

ಲಕ್ಷಣ: ಎಂಜಿನ್ ಬಿಚ್ಚಿ ಮೂಟೆಗಳಲ್ಲಿ ತುಂಬಿಟ್ಟಿದ್ದಾರೆ

ಬಿಚ್ಚಿಟ್ಟ ಎಂಜಿನ್ನಿನ ಬೆಲೆ ಸೊನ್ನೆ. ಯಾವ ಬೋಲ್ಟ್ ಇದೆ, ಯಾವ ಪೈಪಿಲ್ಲ ಎಂಬುದು ಜೋಡಿಸುವ ದಿನದವರೆಗೆ ಯಾರಿಗೂ ತಿಳಿಯುವುದಿಲ್ಲ. ಹೀಗೆ ಬಿಚ್ಚಿದವರು ಹೈಡ್ರಾಲಿಕ್ ಹೋಸುಗಳ ಬಾಯಿ ಮುಚ್ಚಿದ್ದಾರೆಯೇ ನೋಡಿ. ತೆರೆದ ಬಾಯಿಯಲ್ಲಿ ಕಣಜ ಗೂಡು ಕಟ್ಟಿರುವುದನ್ನು ಕಂಡಿದ್ದೇನೆ.

ಎಂಜಿನ್ ಓಡದ ಕಾರಣ ನೋಡಲಾಗದೆ ಉಳಿಯುವುದು

ಹಿರಿಯೂರಿನ ಆ ಯಂತ್ರವನ್ನು ನಾನು ಕೊಂಡೆ. ಎಂಜಿನ್ ವಿಷಯದಲ್ಲಿ ನಮ್ಮ ಲೆಕ್ಕ ಸರಿಯಾಗಿಯೇ ಇತ್ತು: ಹೆಡ್ ಬಿರುಕು, ಬೇರಿಂಗ್ ಸವಕಳಿ, ಅಂದುಕೊಂಡ ಮೊತ್ತದಲ್ಲೇ ಕೆಲಸ ಮುಗಿಯಿತು. ಎಂಜಿನ್ ಓಡತೊಡಗಿದ ಮೇಲೆ ಗೇರ್ ಹಾಕಿದರೆ ಯಂತ್ರ ಮುಂದಕ್ಕೆ ಹೋಗಲಿಲ್ಲ. ಗೇರ್‌ಬಾಕ್ಸಿನ ಕ್ಲಚ್ ಪ್ಲೇಟುಗಳು ಸುಟ್ಟು ಕರಿಕಲಾಗಿದ್ದವು. ಅದರ ಖರ್ಚು ಎಂಜಿನ್ನಿನ ಖರ್ಚನ್ನು ಮೀರಿತು. ಗೇರ್‌ಬಾಕ್ಸಿನ ಕಡ್ಡಿಯನ್ನು ಒಮ್ಮೆ ಎಳೆದು ಮೂಸಿ ನೋಡಿದ್ದರೆ ಸುಟ್ಟ ವಾಸನೆ ಅಲ್ಲೇ ಸಿಗುತ್ತಿತ್ತು. ಎಂಜಿನ್ನಿನ ಸುತ್ತಲೇ ಇಡೀ ಮಧ್ಯಾಹ್ನ ಕಳೆದ ನಾವು ಅದನ್ನು ಮುಟ್ಟಿಯೇ ಇರಲಿಲ್ಲ.

ಆದ್ದರಿಂದ ಎಂಜಿನ್ನಿಗೆ ಕೊಟ್ಟಷ್ಟೇ ಸಮಯವನ್ನು ಅದರ ಹಿಂದಿನ ಭಾಗಗಳಿಗೂ ಕೊಡಬೇಕು. ಗೇರ್‌ಬಾಕ್ಸ್ ಮತ್ತು ಆಕ್ಸಲ್ ಆಯಿಲ್‌ಗಳ ಬಣ್ಣ, ವಾಸನೆ, ತಳದ ಮಡ್ಡಿ ನೋಡಿ. ಹೈಡ್ರಾಲಿಕ್ ಟ್ಯಾಂಕಿನ ತಳದಿಂದ ಒಂದು ಬಾಟಲಿ ಆಯಿಲ್ ತೆಗೆದು ಒಂದು ರಾತ್ರಿ ನಿಲ್ಲಿಸಿ. ರಿಟರ್ನ್ ಫಿಲ್ಟರನ್ನು ಮೇಲೆ ಹೇಳಿದಂತೆಯೇ ಬಿಡಿಸಿ ನೋಡಿ. ಎಕ್ಸ್‌ಕವೇಟರಿನ ಪಿಸ್ಟನ್ ಪಂಪಿನೊಳಗೆ ಕಂಚು, ಹಿತ್ತಾಳೆಯ ಜಾತಿಯ ಭಾಗಗಳಿರುವುದರಿಂದ, ಫಿಲ್ಟರಿನಲ್ಲಿ ಹಳದಿ ಹೊಳಪಿನ ಚೂರುಗಳು ಸಿಕ್ಕರೆ ಪಂಪು ಒಳಗಿಂದ ಸವೆಯುತ್ತಿದೆ. ಸಂಶಯ ಉಳಿದರೆ, ಮಾಲೀಕರು ಒಪ್ಪುವುದಾದರೆ ಪಂಪನ್ನು ಬಿಚ್ಚಿಸಿ ಟೆಸ್ಟ್ ಬೆಂಚ್ ಇರುವ ವರ್ಕ್‌ಶಾಪಿಗೆ ಕಳಿಸುವುದು ಉತ್ತಮ. ಅದರ ಶುಲ್ಕ ನಿಮ್ಮದೇ ಆದರೂ ಚಿಂತೆಯಿಲ್ಲ.

ಸಿಲಿಂಡರ್ ರಾಡಿನ ಮೇಲೆ ಉಗುರು ಎಳೆಯಿರಿ; ಉಗುರು ತಡೆದರೆ ಆ ಗೀರು ಸೀಲನ್ನು ಕತ್ತರಿಸುತ್ತದೆ. ಬೂಮ್, ಅದರ ತುದಿಯ ತೋಳಾದ ಡಿಪ್ಪರ್‌ಗಳ ಬುಡದಲ್ಲಿ, ಜೆಸಿಬಿಯಾದರೆ ಹಿಂದಿನ ಬೂಮ್ ತಿರುಗುವ ಕೀಲಾದ ಕಿಂಗ್‌ಪೋಸ್ಟಿನ ಸುತ್ತ ಬಣ್ಣದಲ್ಲಿ ಎದ್ದ ಕೂದಲೆಳೆಯಂತಹ ತುಕ್ಕಿನ ಗೆರೆ ಬಿರುಕಿನ ಸೂಚನೆ. ಪಿನ್ನು ಬುಷ್‌ಗಳ ನಡುವೆ ಹಾರೆ ಕೊಟ್ಟು ಅಲ್ಲಾಡಿಸಿ. ಚೈನ್ ಯಂತ್ರದಲ್ಲಿ ಸ್ಪ್ರಾಕೆಟ್ಟಿನ ಹಲ್ಲು ಮೊನಚಾಗಿದ್ದರೆ, ರೋಲರುಗಳಿಂದ ಆಯಿಲ್ ಜಿನುಗಿದ್ದರೆ, ಚೈನಿನ ಜೊತೆ ಅವೆಲ್ಲವನ್ನೂ ಬದಲಿಸಬೇಕು. ಚೈನ್ ಯಂತ್ರವೊಂದರ ಜೀವಮಾನದ ರಿಪೇರಿಯಲ್ಲಿ ಚೈನು, ರೋಲರು, ಸ್ಪ್ರಾಕೆಟ್ಟು ಸೇರಿದ ಅಂಡರ್‌ಕ್ಯಾರೇಜ್ ಒಂದೇ ಅರ್ಧದಷ್ಟನ್ನು ತಿನ್ನಬಹುದೆಂಬುದು ಈ ವೃತ್ತಿಯವರೆಲ್ಲ ಒಪ್ಪುವ ಮಾತು.

ಇಲ್ಲಿ ಎಚ್ಚರಿಕೆ: ಎಂಜಿನ್ ಸತ್ತಿದ್ದರೂ ಹೈಡ್ರಾಲಿಕ್ ಲೈನಿನಲ್ಲಿ ಒತ್ತಡ ಉಳಿದಿರುತ್ತದೆ. ಮೇಲೆ ನಿಂತಿರುವ ಬೂಮ್ ಅಥವಾ ಬಕೆಟ್ಟಿನ ಕೆಳಗೆ, ಮರದ ದಿಮ್ಮಿ ಕೊಡದೆ, ಕೈಕೂಡ ಇಡಬೇಡಿ. ಯಾವುದೇ ಹೋಸ್ ಸಡಿಲಿಸುವ ಮುನ್ನ ಲಿವರ್‌ಗಳನ್ನು ಆಡಿಸಿ ಒತ್ತಡ ಇಳಿಸಬೇಕು. ಸೋರಿಕೆಯನ್ನು ಬೆರಳಿನಿಂದ ಹುಡುಕಬಾರದು, ರಟ್ಟು ಹಿಡಿದು ನೋಡಬೇಕು. ಒತ್ತಡದ ಆಯಿಲ್ ಚರ್ಮದೊಳಗೆ ಹೊಕ್ಕರೆ ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಆದರೆ ಅದಕ್ಕೆ ಆ ಗಂಟೆಯಲ್ಲೇ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆ ಬೇಕು.

ಬೆಲೆ ಕಟ್ಟುವ ಲೆಕ್ಕ

ಅದೇ ವರ್ಷದ, ಅಷ್ಟೇ ಗಂಟೆ ಓಡಿದ, ನಡೆಯುತ್ತಿರುವ ಯಂತ್ರ ನಿಮ್ಮ ಜಿಲ್ಲೆಯಲ್ಲಿ ಎಷ್ಟಕ್ಕೆ ಕೈಬದಲಾಗುತ್ತಿದೆ ಎಂಬುದು ಆರಂಭದ ಅಂಕಿ. ಉದಾಹರಣೆಗೆ ಅದು 12 ಲಕ್ಷ ಎಂದುಕೊಳ್ಳೋಣ. ಅದರಿಂದ ಎಂಜಿನ್ನಿನ ಖರ್ಚನ್ನು ಕಳೆಯಬೇಕು, ಆದರೆ ಮೆಕ್ಯಾನಿಕ್ ಆಶಿಸುವ ಖರ್ಚನ್ನಲ್ಲ. ಬ್ಲಾಕ್ ಸಹಿತ ಬೇರೆ ಎಂಜಿನ್ ಹಾಕಬೇಕಾಗಿ ಬಂದರೆ ಆಗುವ ಖರ್ಚನ್ನು, ಅಂದರೆ 3.5 ಲಕ್ಷ ಎನ್ನಿ. ಪರೀಕ್ಷಿಸಲಾಗದ ಪಂಪು, ಗೇರ್‌ಬಾಕ್ಸ್‌ಗಳ ಅಪಾಯಕ್ಕೆ 2 ಲಕ್ಷ, ಕ್ರೇನ್ ಮತ್ತು ಟ್ರೇಲರ್‌ಗೆ 40 ಸಾವಿರ, ರಿಪೇರಿಯ ತಿಂಗಳುಗಳ ಬಡ್ಡಿಗೆ 60 ಸಾವಿರ ತೆಗೆದರೆ 5.5 ಲಕ್ಷ ಉಳಿಯುತ್ತದೆ. ಅದು ನೀವು ಕೊಡಬಹುದಾದ ಗರಿಷ್ಠ ಮೊತ್ತ. ಬಹಳ ಜನ 2 ಲಕ್ಷದ ಆ ಸಾಲನ್ನೇ ಬರೆಯುವುದಿಲ್ಲ, ನಾನೂ ಬರೆದಿರಲಿಲ್ಲ. ಮಾರುವವರು ಇದನ್ನು ಒಪ್ಪದಿದ್ದರೆ, ಒಂದು ಪಾಲನ್ನು ಎಂಜಿನ್ ಓಡಿ ಹೈಡ್ರಾಲಿಕ್ ಒತ್ತಡ ಅಳೆದ ಮೇಲೆ ಕೊಡುವುದಾಗಿ ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಬಹುದು. ಅದಕ್ಕೂ ಒಪ್ಪದವರಿಗೆ ತಮ್ಮ ಯಂತ್ರದ ಬಗ್ಗೆ ನಿಮಗಿಂತ ಹೆಚ್ಚು ತಿಳಿದಿದೆ.

ಬೇರೆ ಎಂಜಿನ್ ಹಾಕಿಸುವುದಾದರೆ ಅದರ ಬಿಲ್ ಮತ್ತು ಮೂಲ ದಾಖಲೆ ಇಲ್ಲದೆ ಗುಜರಿಯಿಂದ ತರಬೇಡಿ. ನೋಂದಣಿಯಾದ ಯಂತ್ರದಲ್ಲಿ ಎಂಜಿನ್ ಬದಲಾದರೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಟಿಒ ದಾಖಲೆಯಲ್ಲಿ ಅದನ್ನು ಸೇರಿಸಬೇಕು. ಆರ್‌ಸಿಯ ಎಂಜಿನ್ ನಂಬರಿಗೂ ಬ್ಲಾಕಿನ ನಂಬರಿಗೂ ಈಗಾಗಲೇ ತಾಳೆಯಿಲ್ಲದಿದ್ದರೆ, ಅಥವಾ ನಂಬರಿನ ಜಾಗ ಉಜ್ಜಿದ್ದರೆ, ಉಳಿದದ್ದನ್ನು ನೋಡುವ ಅಗತ್ಯವಿಲ್ಲ.

ಕೊಂಡ ಮೇಲೆ ಸಾಗಿಸುವಾಗ

3ಡಿಎಕ್ಸ್ ಸುಮಾರು ಏಳೂವರೆ ಟನ್, ಮಾದರಿಯ ಹೆಸರಿನಲ್ಲಿ 200 ಇರುವ ವರ್ಗದ ಎಕ್ಸ್‌ಕವೇಟರ್ ಸುಮಾರು 20 ಟನ್. ಎಂಜಿನ್ ಓಡದ ಜೆಸಿಬಿಯನ್ನು ಟ್ರ್ಯಾಕ್ಟರಿಗೆ ಕಟ್ಟಿ ರಸ್ತೆಯಲ್ಲಿ ಎಳೆದು ತರುವ ಯೋಚನೆ ಬೇಡ. ಸ್ಟೀರಿಂಗ್‌ಗೆ ಹೈಡ್ರಾಲಿಕ್ ನೆರವಿರುವುದಿಲ್ಲ, ಮತ್ತು ಎಂಜಿನ್ ನಿಂತಾಗ ಗೇರ್‌ಬಾಕ್ಸಿನೊಳಗೆ ಆಯಿಲ್ ಹರಿಯದೆ ಚಕ್ರದ ತಿರುಗಾಟಕ್ಕೆ ಅದು ಒಣಗಿ ಸುಡುತ್ತದೆ. ಅಂಗಳದೊಳಗೆ ಸ್ವಲ್ಪ ದೂರ ಸರಿಸಲೇಬೇಕಾದರೆ ಪ್ರೊಪೆಲ್ಲರ್ ಶಾಫ್ಟುಗಳನ್ನು ಕಳಚಿ, ಗಟ್ಟಿ ಕಂಬಿಯಿಂದ ಕಟ್ಟಿ, ನಡಿಗೆಯ ವೇಗದಲ್ಲಿ ಎಳೆಯಬೇಕು. ರಸ್ತೆಗೆ ಲೋ-ಬೆಡ್ ಟ್ರೇಲರೇ ಆಗಬೇಕು. ಅದರ ಮೇಲೆ ಬೂಮನ್ನು ಇಳಿಸಿ ಲಾಕ್ ಪಿನ್ ಹಾಕಿ, ನಾಲ್ಕೂ ಮೂಲೆಯಿಂದ ಸರಪಳಿ ಬಿಗಿದು, ಐದಾರು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಒಮ್ಮೆ ಮತ್ತೆ ಬಿಗಿಯಬೇಕು.